ಮಾರುವ ಮೊದಲು ಸೀಟು ಎತ್ತಿ ನೋಡು

ಮೈಸೂರು
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದ.

ನಿನ್ನಮ್ಮ ನಿನ್ನೆ ಫೋನ್ ಮಾಡಿದ್ದಳು. ಸೈಕಲ್ಲಿನಲ್ಲಿ ಆಫೀಸಿಗೆ ಹೋಗಲು ಶುರು ಮಾಡಿ ಮೂರು ವಾರಕ್ಕೇ ಮಂಡಿ ನೋವಂತೆ, ಬೆರಳು ಜೋಮು ಹಿಡಿಯುತ್ತದಂತೆ, ಸೈಕಲ್ ಮಾರಿಬಿಡುತ್ತೀಯಂತೆ. ಮಾರುವುದಾದರೆ ಮಾರು, ನನ್ನ ತಕರಾರಿಲ್ಲ. ಆದರೆ ಹೋದ ತಿಂಗಳು ಬೆಂಗಳೂರಿಗೆ ಬಂದಾಗ ನೀನು ಗೇಟು ದಾಟಿ ಹೋಗುವುದನ್ನು ನೋಡಿದ್ದೆ. ಮಂಡಿ ಹೊಟ್ಟೆಗೆ ಬಡಿಯುವ ಹಾಗೆ ತುಳಿಯುತ್ತಿದ್ದೆ. ಅವತ್ತೇ ಹೇಳಬೇಕಿತ್ತು. ಅಷ್ಟರಲ್ಲಿ ಕಾಫಿ ಬಂತು, ಮರೆತೆ.

ನಿನ್ನ ಸೀಟು ತಗ್ಗಾಗಿದೆ ಕಣೇ. ಮಂಡಿಯ ಮುಂಭಾಗ ನೋಯುವುದಕ್ಕೆ ಹೆಚ್ಚಾಗಿ ಅದೇ ಕಾರಣ. ಮಂಡಿಯ ಹಿಂದೆ ನೋವು ಬಂದರೆ ಸೀಟು ಜಾಸ್ತಿ ಎತ್ತರವಾಗಿದೆ ಎಂದುಕೋ. ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಲಿ ಅಂತ ಎಲ್ಲರೂ ಇಳಿಸಿಕೊಳ್ಳುತ್ತಾರೆ, ಬೀಳುವ ಭಯಕ್ಕೆ. 2017ರಲ್ಲಿ ಇಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗಲೂ ನೋಡುತ್ತಿದ್ದೆ. ಆರಡಿ ಆಳು, ಸೀಟು ಮುಟ್ಟದೆ, ಹಿಂದಿನವರು ಬಿಟ್ಟು ಹೋದ ಎತ್ತರದಲ್ಲೇ ಕೂತು ಕಪ್ಪೆಯ ಹಾಗೆ ತುಳಿಯುತ್ತಿದ್ದ.

ಹೀಗೆ ಮಾಡು. ಗೋಡೆ ಹಿಡಿದು ಸೀಟಿನ ಮೇಲೆ ಕೂರು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಅದನ್ನು ಪೂರ್ತಿ ಕೆಳಗೆ ತಳ್ಳು. ಕಾಲು ನೆಟ್ಟಗಾಗಬೇಕು, ಸೊಂಟ ಪಕ್ಕಕ್ಕೆ ವಾಲಬಾರದು. ಆಮೇಲೆ ಮುಂಗಾಲಿಟ್ಟು ತುಳಿದರೆ ಮಂಡಿ ಚೂರು ಬಾಗಿರುತ್ತದೆ. ಅದೇ ಅಳತೆ. ಒಂದೇ ದಿನಕ್ಕೆ ಅಷ್ಟೂ ಎತ್ತಬೇಡ, ಎರಡು ದಿನಕ್ಕೊಮ್ಮೆ ಅರ್ಧ ಬೆರಳಿನ ಅಗಲದಷ್ಟು ಸಾಕು. ಸೀಟಿನ ಕಂಬಿಯ ಮೇಲೆ ಒಂದು ಗೆರೆ ಇರುತ್ತದೆ. ಅದು ಯಾವತ್ತೂ ಹೊರಗೆ ಕಾಣಬಾರದು, ಕಂಡರೆ ಕಂಬಿ ಮುರಿಯುವ ಅಪಾಯ. ಸಿಗ್ನಲ್‌ನಲ್ಲಿ ನಿಲ್ಲಬೇಕಾದರೆ ಸೀಟಿನಿಂದ ಮುಂದಕ್ಕೆ ಇಳಿದು ಒಂದು ಕಾಲು ಊರು. ಒಂದು ವಾರದಲ್ಲಿ ರೂಢಿಯಾಗುತ್ತದೆ.

ಬೆರಳು ಜೋಮು ಹಿಡಿಯುವುದಕ್ಕೂ ಸೀಟಿನ ಮೂತಿ ನೋಡು. ಅದು ಕೆಳಗೆ ಬಾಗಿದ್ದರೆ ಮೈಯ ಭಾರವೆಲ್ಲ ಅಂಗೈಗೆ ಬೀಳುತ್ತದೆ. ಮಟ್ಟವಾಗಿರಲಿ. ಆ ದಪ್ಪ ಜೆಲ್ ಕವರ್ ತರಿಸುತ್ತೇನೆ ಅಂದಿದ್ದೆಯಂತೆ. ನನ್ನ ಕೇಳಿದರೆ ಬೇಡ. ಮೆತ್ತಗಿದ್ದಷ್ಟೂ ಹೂತುಕೊಳ್ಳುತ್ತೀಯ, ತೊಡೆ ಉಜ್ಜುವುದು ಜಾಸ್ತಿ. ದಪ್ಪ ಹೊಲಿಗೆಯ ಜೀನ್ಸ್ ಬಿಟ್ಟು ಬೇರೆ ಪ್ಯಾಂಟ್ ಹಾಕಿ ನೋಡು, ಅರ್ಧ ಉರಿ ಹೋಗುತ್ತದೆ.

ಇನ್ನು ಗಾಳಿ. ನೀನು ಸೈಕಲ್ ತಗೊಂಡ ಮೇಲೆ ಎಷ್ಟು ಸಲ ಹೊಡೆಸಿದ್ದೀಯ? ಒಂದೂ ಇಲ್ಲ, ಅಲ್ವಾ? ಪಂಚರ್ ಆಗದಿದ್ದರೂ ಟ್ಯೂಬಿನಿಂದ ಗಾಳಿ ಸುಮ್ನೆ ಇಳಿಯುತ್ತಿರುತ್ತದೆ. ವಾರಕ್ಕೊಮ್ಮೆ ನೋಡಬೇಕು. ಟೈರಿನ ಪಕ್ಕದಲ್ಲೇ ಉಬ್ಬಿದ ಅಕ್ಷರದಲ್ಲಿ ಗಾಳಿಯ ಒತ್ತಡ ಎಷ್ಟು ಪಿಎಸ್ಐವರೆಗೆ ಇರಬಹುದು ಎಂದು ಬರೆದಿರುತ್ತದೆ. ಭಾರ ಹಿಂದೆ ಜಾಸ್ತಿ ಬೀಳುವುದರಿಂದ, ಅದನ್ನು ಮೀರದ ಹಾಗೆ, ಹಿಂದಿನ ಚಕ್ರಕ್ಕೆ ಚೂರು ಜಾಸ್ತಿ, ಮುಂದಿನದಕ್ಕೆ ಚೂರು ಕಡಿಮೆ ಹಾಕು. ಪೆಟ್ರೋಲ್ ಬಂಕಿನಲ್ಲಿ ಹಾಕಿಸಿದರೆ ಹುಷಾರು. ಸೈಕಲ್ ಟ್ಯೂಬು ಪುಟ್ಟದು, ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿ ಒಡೆದೀತು. ಗಾಳಿ ಕಡಿಮೆಯಿದ್ದಾಗ ಹಳ್ಳಕ್ಕೆ ಇಳಿಸಿದರೆ ಟ್ಯೂಬು ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತಾಗುತ್ತದೆ. ನಿಮ್ಮೂರಿನಲ್ಲಿ ಹಳ್ಳಕ್ಕೇನು ಬರ.

ಚೈನಿನ ಸದ್ದಿಗೆ ಅಮ್ಮ ಕೊಬ್ಬರಿ ಎಣ್ಣೆ ಬಿಟ್ಟಳಂತೆ. ಅವಳಿಗೆ ಬೈಯಬೇಡ, ನಮ್ಮಪ್ಪನೂ ಅದನ್ನೇ ಬಿಡುತ್ತಿದ್ದರು. ಆದರೆ ಅದು ಚಳಿಗೆ ಗಟ್ಟಿಯಾಗುತ್ತದೆ, ಧೂಳು ಹಿಡಿದು ಅಂಟಂಟಾಗುತ್ತದೆ. ಹಳೇ ಬನಿಯನ್ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಚೆನ್ನಾಗಿ ಒರೆಸು. ಸೈಕಲ್ ಅಂಗಡಿಯ ಚೈನ್ ಎಣ್ಣೆಯನ್ನು ಕೊಂಡಿಗೊಂದು ತೊಟ್ಟು ಬಿಡು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒರೆಸು. ಎಣ್ಣೆ ಕೊಂಡಿಯ ಒಳಗಿರಬೇಕು, ಹೊರಗೆ ಮಿಂಚಬಾರದು. ಮಳೆಯಲ್ಲಿ ನೆನೆದ ದಿನ ಮತ್ತೆ ಇದೇ ಕೆಲಸ.

ರಿಮ್ಮಿಗೆ ಮಾತ್ರ ಒಂದು ತೊಟ್ಟೂ ತಾಗಬಾರದು. ನಿನ್ನದು ಬ್ರೇಕ್ ರಬ್ಬರ್ ರಿಮ್ಮನ್ನೇ ಹಿಡಿಯುವ ಸೈಕಲ್. ನಾನು ಕಾಲೇಜಿನಲ್ಲಿದ್ದಾಗ ಜಾಣತನಕ್ಕೆ ಚಕ್ರಕ್ಕೂ ಎಣ್ಣೆ ಹಚ್ಚಿ ಫಳಫಳ ಮಾಡಿದ್ದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಸೈಕಲ್ ಕೇಳಲೇ ಇಲ್ಲ. ಸೊಪ್ಪಿನ ಗಾಡಿಗೆ ಹೋಗಿ ಗುದ್ದಿದೆ. ಗಾಡಿಯ ಅಜ್ಜಿ ಬೈದದ್ದು ಇನ್ನೂ ಕಿವಿಯಲ್ಲಿದೆ, ಒಂದು ಕಟ್ಟು ದಂಟಿನ ದುಡ್ಡೂ ಕೊಟ್ಟೆ.

ಒಂದು ಸ್ಕೇಲ್ ಇದೆಯಾ? ಚೈನಿನ 12 ಜೋಡಿ ಕೊಂಡಿ, ಅಂದರೆ ಒಂದು ಪಿನ್ನಿನಿಂದ 24ನೇ ಪಿನ್ನಿನವರೆಗೆ ಎಣಿಸಿದರೆ, ಹೊಸದರಲ್ಲಿ ಸರಿಯಾಗಿ 12 ಇಂಚು. ಮೊದಲ ಪಿನ್ನು ಲೆಕ್ಕಕ್ಕಿಲ್ಲ, ಅದು ಸೊನ್ನೆ. ಇಂಚಿನ 16ನೇ ಒಂದು ಭಾಗ ಜಾಸ್ತಿ ಬಂದರೆ ಚೈನ್ ಬದಲಿಸು. ಸೋಮಾರಿತನ ಮಾಡಿದರೆ ಹಲ್ಲಿನ ಚಕ್ರವೂ ಸವೆದು ಖರ್ಚು ಹೆಚ್ಚಾಗುತ್ತದೆ. ನಿನ್ನದು ಇನ್ನೂ ಹೊಸದು, ಈಗ ಬೇಡ, ವರ್ಷ ಕಳೆದ ಮೇಲೆ ನೋಡು.

ಮುಂದಿನ ಶನಿವಾರ ನಿನ್ನಮ್ಮ ಇಲ್ಲಿಗೆ ಬರುತ್ತಾಳಲ್ಲ, ನನ್ನ ನಿಂತು ಹೊಡೆಯುವ ಪಂಪನ್ನು ಅವಳ ಕೈಲಿ ಕಳಿಸುತ್ತೇನೆ. ನಿನ್ನ ಟ್ಯೂಬಿನ ವಾಲ್ವ್ ಸ್ಕೂಟರಿನದರ ಹಾಗೆ ದಪ್ಪವೋ, ಕಡ್ಡಿಯ ಹಾಗೆ ಸಣ್ಣವೋ ಒಂದು ಫೋಟೊ ತೆಗೆದು ಕಳಿಸು. ಅದಕ್ಕೆ ಸರಿಹೊಂದುವ ಬಾಯಿ ಹಾಕಿಡುತ್ತೇನೆ.

ನಿನ್ನ ಮಾವ