ಕೆಂಪು ಪೆನ್ನು ಹಿಡಿದ ಮಾವನ ಪತ್ರ

ಚಿ. ಕು. ಮೇಧಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ಸಂಶೋಧನಾ ಪ್ರಸ್ತಾವನೆಯನ್ನು ಎರಡು ಸಲ ಓದಿದೆ. ಮೊದಲ ಸಲ ಮಾವನಾಗಿ ಓದಿ ಹಿಗ್ಗಿದೆ. ಎರಡನೆಯ ಸಲ ಸಮಾಜಶಾಸ್ತ್ರದ ಮೇಷ್ಟರಾಗಿ ಓದುವಾಗ ಕೆಂಪು ಪೆನ್ನು ತಾನಾಗಿ ಕೈಗೆ ಬಂತು. ನಿವೃತ್ತನಾದರೂ ಪೆನ್ನು ನಿವೃತ್ತವಾಗಿಲ್ಲ.

ನ್ಯಾಯಬೆಲೆ ಅಂಗಡಿಯಲ್ಲಿ ಬೆರಳ ಗುರುತು ಹಿಡಿಯುವ ಯಂತ್ರವನ್ನು ಕರ್ತೃ-ಜಾಲ ಸಿದ್ಧಾಂತದ ಕಣ್ಣಿನಿಂದ ನೋಡುತ್ತೇನೆ ಎಂದಿದ್ದೀಯ. ಮನುಷ್ಯರಷ್ಟೇ ಅಲ್ಲ, ವಸ್ತುಗಳೂ ಕೆಲಸ ನಡೆಸುವ ಕರ್ತೃಗಳು, ಎಲ್ಲವೂ ಒಂದೇ ಜಾಲದಲ್ಲಿ ಹೆಣೆದುಕೊಂಡಿವೆ ಎನ್ನುವ ಸಿದ್ಧಾಂತ. ಆದರೆ ಹನ್ನೆರಡು ಪುಟಗಳಲ್ಲಿ ಈ ಪಂಥದ ಹೆಸರಾಂತ ಫ್ರೆಂಚ್ ಚಿಂತಕ ಬ್ರೂನೊ ಲಟೂರ್ ಇಪ್ಪತ್ತು ಕಡೆ ಬಂದಿದ್ದಾನೆ, ಯಂತ್ರ ಮೂರೇ ಕಡೆ. ತಕ್ಕಡಿಯಂತೂ ಇಲ್ಲವೇ ಇಲ್ಲ. ಈ ಪಂಥದವರು ಹೇಳಿದ್ದೇ ‘ಕರ್ತೃಗಳ ಬೆನ್ನು ಹತ್ತಿ’ ಎಂದು. ನೀನೋ, ಹಾಗೆ ಹೇಳಿದವರ ಬೆನ್ನು ಹತ್ತಿದ್ದೀಯ.

ಲಟೂರ್‌ನನ್ನು ಸ್ವಲ್ಪ ದಿನ ಪಕ್ಕಕ್ಕಿಟ್ಟು ಅದೇ ಪಂಥದ ಮಿಶೆಲ್ ಕಲೋನ್ 1986ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಓದು. ಫ್ರಾನ್ಸಿನ ಬ್ರಿಟನಿ ಕರಾವಳಿಯ ಸೇಂಟ್ ಬ್ರಿಯೂ ಕೊಲ್ಲಿಯಲ್ಲಿ ಸ್ಕ್ಯಾಲಪ್ ಎಂಬ ಚಿಪ್ಪುಜೀವಿ ಕಡಿಮೆಯಾಗುತ್ತ ಬಂದಿತ್ತು. ಮೂವರು ಸಂಶೋಧಕರು ಜಪಾನಿಗೆ ಹೋಗಿದ್ದಾಗ ಅದರ ಸಾಕಣೆಯನ್ನು ಕಂಡು ಬಂದಿದ್ದರು. ಅಲ್ಲಿ ಮರಿಗಳು ನೀರಿನಲ್ಲಿ ಇಳಿಬಿಟ್ಟ ಬಲೆಚೀಲಗಳಿಗೆ ಅಂಟಿಕೊಂಡು, ಶತ್ರುಗಳಿಂದ ಪಾರಾಗಿ ಬೆಳೆಯುತ್ತಿದ್ದವು. ಅದನ್ನೇ ಇಲ್ಲಿಯೂ ಮಾಡೋಣ ಎಂದರು. ಅದಕ್ಕೆ ಮೀನುಗಾರರು ಒಪ್ಪಬೇಕಿತ್ತು, ವಿಜ್ಞಾನಿ ಬಳಗ ಒಪ್ಪಬೇಕಿತ್ತು. ಮರಿಗಳೂ ಒಪ್ಪಬೇಕಿತ್ತು! ಜಪಾನಿನದು ಬೇರೆ ಜಾತಿ. ಬ್ರಿಟನಿಯದು ಅಂಟಿಕೊಳ್ಳುತ್ತದೆಯೋ ಇಲ್ಲವೋ ಯಾರಿಗೆ ಗೊತ್ತು? ನೀರಿನ ಸೆಳೆತ, ನಕ್ಷತ್ರಮೀನು, ಚೀಲ ಯಾವುದರಿಂದ ಮಾಡಿದ್ದು, ಎಷ್ಟು ಆಳಕ್ಕೆ ಇಳಿಸಿದ್ದು ಎಲ್ಲದರ ಜೊತೆಗೂ ಚೌಕಾಸಿ ನಡೆಯಿತು. ಕಡೆಗೆ ಒಂದಷ್ಟು ಮರಿಗಳು ಅಂಟಿಕೊಂಡವು. ಅವನ್ನು ಎಣಿಸಿ, ಕೊಲ್ಲಿಯ ಅಷ್ಟೂ ಚಿಪ್ಪುಗಳ ಪರವಾಗಿ ಸಂಶೋಧಕರು ಮಾತನಾಡಿದರು. ಇತ್ತ ಬೆರಳೆಣಿಕೆಯ ಮುಖಂಡರು ಎಲ್ಲ ಮೀನುಗಾರರ ಪರವಾಗಿ ತಲೆಯಾಡಿಸಿದ್ದರು.

ಮುಂದೆ ಮರಿಗಳು ಅಂಟಿಕೊಳ್ಳುವುದನ್ನು ಬಿಟ್ಟವು. ಒಂದು ಕ್ರಿಸ್‌ಮಸ್ ಹೊತ್ತಿಗೆ ಮೀನುಗಾರರೂ ನುಗ್ಗಿ, ಕಾಯ್ದಿರಿಸಿದ್ದ ಚಿಪ್ಪುಗಳನ್ನು ಬಾಚಿಕೊಂಡು ಹೋದರು. ಎರಡು ಕಡೆಯೂ ಪ್ರತಿನಿಧಿಗಳು ಆಡಿದ ಮಾತು ನೀರುಪಾಲಾಯಿತು. ಕಲೋನ್ ಎರಡನ್ನೂ ಒಂದೇ ಪದಗಳಲ್ಲಿ ಬರೆದ. ಅವನ ಜಾಣತನ ಇರುವುದು ಅಲ್ಲಿ; ನೀನು ಪ್ರಸ್ತಾವನೆಯಲ್ಲಿ ನಾಲ್ಕು ಚೌಕಗಳ ನಕ್ಷೆ ಮಾಡಿದ್ದೀಯಲ್ಲ, ಅದರಲ್ಲಿ ಅಲ್ಲ.

‘ವಸ್ತುವೂ ಕರ್ತೃ’ ಎಂದರೆ ಸಮಿತಿಯವರು ನಗುತ್ತಾರೆಂದು ಹೆದರಿ ಎರಡು ಪುಟ ಸಮಜಾಯಿಷಿ ಬರೆದಿದ್ದೀಯ. ಹೊಡೆದುಹಾಕು. ನಮ್ಮ ವ್ಯಾಕರಣಕ್ಕೆ ಇದು ಹೊಸದೇನಲ್ಲ. ‘ಅವನು ಕೊಡಲಿಯಿಂದ ಕಡಿದನು’ ಎಂದರೆ ಕೊಡಲಿ ಕರಣ, ಅಂದರೆ ಬರೀ ಸಾಧನ. ‘ಈ ಕೊಡಲಿ ಚೆನ್ನಾಗಿ ಕಡಿಯುತ್ತದೆ’ ಎಂದ ಕೂಡಲೇ ಅದೇ ಕರ್ತೃ. ‘ಸರ್ವರ್ ಕೈಕೊಟ್ಟಿತು’ ಎನ್ನುವ ಅಂಗಡಿಯವನು ಯಾವ ಲಟೂರ್‌ನನ್ನು ಓದಿದ್ದಾನೆ?

ನಿನಗೆ ಕಷ್ಟ ಬರುವುದು ಬೇರೆ ಕಡೆ. ಕಳೆದ ತಿಂಗಳು ನಮ್ಮ ಬೀದಿಯ ಅಂಗಡಿಯಲ್ಲಿ ಒಬ್ಬ ಅಜ್ಜಿ ಹೆಬ್ಬೆರಳನ್ನು ಸೆರಗಿನಲ್ಲಿ ಒರೆಸಿ ಯಂತ್ರದ ಮೇಲಿಟ್ಟರು. ಯಂತ್ರ ಗುರುತಿಸಲಿಲ್ಲ. ಮತ್ತೆ ಒರೆಸಿದರು. ಪಾತ್ರೆ ತಿಕ್ಕಿ ಸವೆದ ಬೆರಳು. ಹಿಂದೆ ನಿಂತ ಹುಡುಗ ತೋರುಬೆರಳು ಇಡಿಸಿದ. ನಾಲ್ಕನೆಯ ಸಲ ಚೀಟಿ ಹೊರಬಂತು. ಇಲ್ಲಿ ಅಕ್ಕಿ ಕೊಡಿಸಿದ್ದು ಯಾರು? ಹುಡುಗ, ಬೆರಳು, ಸೆರಗು, ಯಂತ್ರ ಎಲ್ಲವನ್ನೂ ಬರೆದುಕೋ. ‘ಡಿಜಿಟಲ್ ವ್ಯವಸ್ಥೆಯ ಅಧಿಕಾರ’ ಎಂದು ಮೊದಲೇ ಬರೆದುಬಿಟ್ಟರೆ ಸೆರಗು ನಿನ್ನ ಕಣ್ಣಿಗೇ ಬೀಳುವುದಿಲ್ಲ.

ಅದೇ ದಿನ ಇನ್ನೊಬ್ಬರಿಗೆ ಸಿಕ್ಕ ಉತ್ತರ: ‘ನಿಮ್ಮ ಹೆಸರನ್ನು ಪಟ್ಟಿಯಿಂದ ಕೈಬಿಡಲಾಗಿದೆ.’ ಕೈಬಿಟ್ಟವರು ಯಾರು? ಈ ‘ಲಾಗಿದೆ’ ಕಂಡಲ್ಲೆಲ್ಲ ನಿಲ್ಲು. ಕಡತವನ್ನು ಕೇಳು, ಸಹಿ ಹುಡುಕು, ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತೆಂದು ನೋಡು. ಯಂತ್ರ ಕರ್ತೃವಾದರೂ ಹೊಣೆಗಾರನಲ್ಲ. ಈ ಪಂಥದ ಹುಮ್ಮಸ್ಸಿನಲ್ಲಿ ಹಲವರು ಇವೆರಡನ್ನೂ ಒಂದೇ ಮಾಡಿ, ಜಾತಿಯನ್ನೂ ಹಣವನ್ನೂ ಜಾಲದ ಹೊರಗೇ ಬಿಟ್ಟರೆಂಬ ದೂರನ್ನು ನಾನೂ ಒಪ್ಪುತ್ತೇನೆ. ಸಾಲಿನಲ್ಲಿ ಯಾರು ಯಾರಿಂದ ದೂರ ನಿಲ್ಲುತ್ತಾರೆ ಎಂಬುದು ಯಂತ್ರದ ರಸೀದಿಯಲ್ಲಿ ಅಚ್ಚಾಗುವುದಿಲ್ಲ.

ಸಾಲಿಗೇ ಬಾರದವರ ಮನೆಗೂ ಹೋಗು. ಸೇಂಟ್ ಬ್ರಿಯೂವಿನಲ್ಲಿ ತಲೆಯಾಡಿಸಿದವರನ್ನು ಎಣಿಸಿದ್ದರು, ಉಳಿದವರನ್ನು ಕೇಳಲಿಲ್ಲ.

2005ರ ಪುಸ್ತಕದಲ್ಲಿ ಲಟೂರ್ ಈ ಸಿದ್ಧಾಂತದ ಇಂಗ್ಲಿಷ್ ಹೆಸರಾದ ‘ಆಕ್ಟರ್-ನೆಟ್‌ವರ್ಕ್ ಥಿಯರಿ’ಯ ಮೊದಲಕ್ಷರಗಳು ಸೇರಿ ‘ಆ್ಯಂಟ್’, ಅಂದರೆ ‘ಇರುವೆ’ ಎಂದಾಗುವುದನ್ನು ಮೆಚ್ಚಿಕೊಂಡಿದ್ದಾನೆ: ದೂರ ಕಾಣದ, ವಾಸನೆ ಹಿಡಿದು ಸಾಗುವ ಜೀವ. ಅದಕ್ಕೇ ಹೇಳುತ್ತೇನೆ, ಮೂರು ಜಿಲ್ಲೆ ಬೇಡ, ಒಂದು ಅಂಗಡಿ ಸಾಕು. ತಿಂಗಳ ಮೊದಲ ವಾರ ಬಾಗಿಲು ತೆರೆಯುವ ಮುಂಚೆಯೇ ಹೋಗಿ ಕುಳಿತುಕೋ. ಕುಡಿಯುವ ನೀರು, ಛತ್ರಿ ಮರೆಯಬೇಡ.

ಹಬ್ಬಕ್ಕೆ ಬರುವಾಗ ಟಿಪ್ಪಣಿ ಪುಸ್ತಕ ತಾ. ಪ್ರಸ್ತಾವನೆಯನ್ನು ಅಲ್ಲೇ ಬಿಟ್ಟು ಬಾ. ನಿನ್ನ ಅತ್ತೆ ಚಕ್ಕುಲಿ ಒರಳನ್ನು ಆಗಲೇ ತೊಳೆದಿಟ್ಟಿದ್ದಾಳೆ.

ಇಂತಿ,
ನಿನ್ನ ಮಾವ