ಬೆಂಕಿ ಕಾವಲಿನ ಗೋಪುರದ ದುರಸ್ತಿಗೆ ದೇಣಿಗೆ ಮನವಿ

ಮಾನ್ಯರೇ,

ತೀರ್ಥಹಳ್ಳಿ ಸೀಮೆಯ ನಮ್ಮ ಪ್ರೌಢಶಾಲೆಯ ಹಿಂದಿನ ಬ್ಯಾಣದ, ಅಂದರೆ ಹುಲ್ಲುಗುಡ್ಡದ, ನೆತ್ತಿಯಲ್ಲಿರುವ ಬೆಂಕಿ ಕಾವಲಿನ ಗೋಪುರವನ್ನು ಇಲ್ಲಿ ಓದಿದವರು ಮರೆತಿರಲಾರರು. ಅದರ ಮರದ ಮೆಟ್ಟಿಲುಗಳು ಗೆದ್ದಲು ಹಿಡಿದು ಲಡ್ಡಾಗಿವೆ. ಮಾಡಿನ ತಗಡು ಕಳೆದ ಮಳೆಗಾಲದ ಗಾಳಿಗೆ ಹಾರಿಹೋಗಿದೆ. ಅರಣ್ಯ ಇಲಾಖೆಯ ಒಪ್ಪಿಗೆಯೊಂದಿಗೆ ಅದನ್ನು ದುರಸ್ತಿ ಮಾಡಿಸಲು ಶಾಲೆಯ ಹಳೆಯ ವಿದ್ಯಾರ್ಥಿಗಳ ಟ್ರಸ್ಟ್ ಸಂಕಲ್ಪಿಸಿದೆ.

ಇಂಥ ಗೋಪುರಗಳಿಗೆ ದೊಡ್ಡ ಇತಿಹಾಸವಿದೆ. ಬ್ರಿಟಿಷ್ ಇಂಡಿಯಾದಲ್ಲಿ 1864ರಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾಯಿತು. 1878ರ ಕಾಯ್ದೆ ಮೀಸಲು ಅರಣ್ಯಕ್ಕೆ ಬೆಂಕಿ ಹಾಕುವುದನ್ನು ಅಪರಾಧವೆಂದು ಸಾರಿತು. ಅಮೆರಿಕದಲ್ಲಿ 1910ರ ಬೇಸಿಗೆಯಲ್ಲಿ ಐಡಾಹೊ, ಮೊಂಟಾನಾ ಭಾಗದ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟ ಮೇಲೆ ಅಲ್ಲಿನ ಬೆಟ್ಟಗಳ ಮೇಲೆ ಕಾವಲು ಗೋಪುರಗಳ ಸಾಲೇ ಎದ್ದಿತು. ಹೊಗೆ ಕಂಡ ದಿಕ್ಕನ್ನು ಎರಡು ಗೋಪುರಗಳಿಂದ ಅಳೆದು ನಕ್ಷೆಯ ಮೇಲೆ ಗೆರೆ ಎಳೆದರೆ, ಆ ಗೆರೆಗಳು ಕೂಡುವ ಜಾಗವೇ ಬೆಂಕಿಯ ಜಾಗ. ನಮ್ಮ ಗೋಪುರದ ಹಲಗೆಯ ಮೇಜಿನಲ್ಲಿಯೂ ದಿಕ್ಕು ಕೊರೆದ ಕಬ್ಬಿಣದ ತಟ್ಟೆಯೊಂದಿದೆ. ಬೆರಳು ಸವರಿ ಸವರಿ ಅದರ ಪಶ್ಚಿಮದ ಅಂಕಿಗಳು ಅರ್ಧ ಮಾಸಿವೆ.

ತಟ್ಟೆಗಿಂತಲೂ ಮುಖ್ಯವಾದದ್ದು ಅಲ್ಲಿ ಕಾವಲು ಕೂರುತ್ತಿದ್ದ ವಾಚರುಗಳ ಕಣ್ಣು. ಫೆಬ್ರವರಿಯಲ್ಲಿ ದರಗು, ಅಂದರೆ ಉದುರಿದ ಎಲೆ, ಒಣಗುವ ಹೊತ್ತಿಗೆ ಊರಿನ ಆಲೆಮನೆಗಳಲ್ಲಿಯೂ ಹೊಗೆ ಏಳುತ್ತಿರುತ್ತದೆ. ಆಲೆಮನೆಯ ಹೊಗೆ ಒಂದೇ ಕಡೆಯಿಂದ ಏಳುತ್ತದೆ, ಕಾಡಿನ ಹೊಗೆಯ ಬುಡ ನೋಡನೋಡುತ್ತಲೇ ಅಗಲವಾಗುತ್ತದೆ ಎಂದು ನಮಗೆ ಹೇಳಿಕೊಟ್ಟವರು ಅವರೇ. ಆ ವ್ಯತ್ಯಾಸ ತಿಳಿದವರಿದ್ದರೆ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯಲು ಹೊರಡುವವರು ವ್ಯರ್ಥವಾಗಿ ಅಲೆಯಬೇಕಾಗುವುದಿಲ್ಲ.

ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು 2004ರಿಂದ ಉಪಗ್ರಹದ ನೆರವಿನಿಂದ ಬೆಂಕಿಯ ಸುಳಿವು ನೀಡುತ್ತಿದೆ. ಅದರ ಉಪಕಾರ ದೊಡ್ಡದು. ಆದರೆ ಆ ಉಪಗ್ರಹಗಳು ದಿನದಲ್ಲಿ ಕೆಲವೇ ಬಾರಿ ನಮ್ಮ ಮೇಲೆ ಹಾದುಹೋಗುತ್ತವೆ, ನಡುವಿನ ಗಂಟೆಗಳಲ್ಲಿ ಒಣಹುಲ್ಲಿನ ಬೆಂಕಿ ಒಂದು ಗುಡ್ಡವನ್ನೇ ದಾಟಬಲ್ಲದು. ಆದ್ದರಿಂದ ಗೋಪುರವನ್ನು ನೆನಪಿಗಾಗಿ ಮಾತ್ರ ಉಳಿಸುವುದು ನಮ್ಮ ಉದ್ದೇಶವಲ್ಲ. ಜನವರಿಯಿಂದ ಮೇ ತಿಂಗಳವರೆಗೆ ಅಲ್ಲಿ ಮತ್ತೆ ಕಾವಲು ಕೂರಬೇಕು, ನಮ್ಮ ಮಕ್ಕಳು ಆ ಮೇಜಿನ ಮುಂದೆ ನಿಂತು ದಿಕ್ಕು ಅಳೆಯುವುದನ್ನು ಕಲಿಯಬೇಕು.

ಮೆಟ್ಟಿಲಿಗೆ ಮರ, ಮಾಡಿಗೆ ತಗಡು, ಕಂಬಗಳಿಗೆ ಬಣ್ಣ, ಸಿಡಿಲು ನಿರೋಧಕ ಮತ್ತು ಕಾವಲಿನವರಿಗೆ ಒಂದು ದುರ್ಬೀನು ಬೇಕಾಗಿವೆ. ಹಣ ಕೊಡಲಾಗದವರು ಮರವನ್ನಾಗಲಿ, ಒಂದು ದಿನದ ಆಳುಕೆಲಸವನ್ನಾಗಲಿ ಕೊಟ್ಟರೂ ಕೃತಜ್ಞತೆಯಿಂದ ಸ್ವೀಕರಿಸುತ್ತೇವೆ. ದೇಣಿಗೆಯನ್ನು ಶಾಲೆಯ ಕಚೇರಿಯಲ್ಲಿ ನೀಡಿ ರಸೀದಿ ಪಡೆಯಬೇಕಾಗಿ ವಿನಂತಿ. ಖರ್ಚಿನ ಲೆಕ್ಕವನ್ನು ಶಾಲೆಯ ಸೂಚನಾ ಫಲಕದಲ್ಲಿ ಪ್ರಕಟಿಸಲಾಗುವುದು.

ಇಂತಿ ತಮ್ಮ ವಿಶ್ವಾಸಿಗಳು,
ಹಳೆಯ ವಿದ್ಯಾರ್ಥಿಗಳ ಟ್ರಸ್ಟಿನ ಪದಾಧಿಕಾರಿಗಳು