ಬಾಲಿಗೆ ಹೊರಟಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನೀನು ಕಳಿಸಿದ ಪಟ್ಟಿ ನೋಡಿ ನಗು ಬಂತು ಮಾರಾಯ. ಒಂದೂವರೆ ವರ್ಷದ ಮಗುವಿಗೆ ಅಂತ ಪುಟ್ಟ ಕುಕ್ಕರ್, ಅಕ್ಕಿ, ಬೇಳೆ, ತುಪ್ಪ, ಮೇಲೆ ಇಂಡಕ್ಷನ್ ಒಲೆ ಬೇರೆ! ಪ್ರವಾಸ ಹೋಗುತ್ತಿದ್ದೀಯೋ, ಮನೆ ಬದಲಾಯಿಸುತ್ತಿದ್ದೀಯೋ? ಅಷ್ಟುದ್ದದ ಪಟ್ಟಿಯಲ್ಲಿ ನೀರಿನ ಸುದ್ದಿಯೇ ಇಲ್ಲ. ನನ್ನ ಪ್ರಕಾರ ಅಲ್ಲಿ ಊಟಕ್ಕಿಂತ ನೀರಿಗೇ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು.

ಬಾಲಿಯ ನಲ್ಲಿ ನೀರು ಕುಡಿಯುವುದಕ್ಕಲ್ಲ. ಸೀಲ್ ಇರುವ ಬಾಟಲಿ ನೀರೇ ಕುಡಿಸಬೇಕು, ಅದು ನಿನಗೂ ಗೊತ್ತು. ಆದರೆ ಮಗುವಿನ ಹೊಟ್ಟೆಗೆ ನೀರು ಹೋಗುವುದು ಲೋಟದಿಂದ ಮಾತ್ರ ಅಲ್ಲ ಅಲ್ವಾ? ಸ್ನಾನ ಮಾಡಿಸುವಾಗ ಒದ್ದೆ ಬಟ್ಟೆ ಚೀಪುತ್ತೆ, ಟಬ್ಬಿನಲ್ಲಿ ಕೂರಿಸಿದರೆ ಮಗ್ಗಿನಿಂದಲೇ ಕುಡಿಯುತ್ತೆ, ಹಲ್ಲುಜ್ಜುವ ಬ್ರಷ್ಷನ್ನು ನಾವೇ ಅಭ್ಯಾಸಬಲದಿಂದ ನಲ್ಲಿಗೆ ಹಿಡಿದು ಬಾಯಿಗಿಡುತ್ತೇವೆ. ಬ್ರಷ್ಷಿಗೂ ಬಾಟಲಿ ನೀರೇ ಇರಲಿ. ಸ್ನಾನ ಬೇಗ ಮುಗಿಸು, ನೀರಾಟ ಬೇಡ. ಸಿಪ್ಪರಿನ ಸ್ಟ್ರಾ, ರಬ್ಬರ್ ಎಲ್ಲ ಬಿಚ್ಚಿ ಸೋಪಿನಲ್ಲಿ ತೊಳೆದು ಕುದಿಸಿದ ನೀರು ಹಾಕು. ನೀರು ಚೆನ್ನಾಗಿ ಕುದಿ ಬಂದ ಮೇಲೆ 1 ನಿಮಿಷ ಸಾಕು, 3 ನಿಮಿಷ ಅನ್ನುವ ಲೆಕ್ಕ 2000 ಮೀಟರಿಗಿಂತ ಎತ್ತರದ ಊರುಗಳಿಗೆ. ಇಲ್ಲಿಂದ ಕೆಟಲ್ ಒಯ್ಯುವುದಾದರೆ ಅಡಾಪ್ಟರ್ ಮರೆಯಬೇಡ, ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಕೂರುವುದಿಲ್ಲ.

ಊಟದ ವಿಷಯ ಸುಲಭ. ಅನ್ನ ಅವರ ಊಟವೂ ಹೌದು. ಎದುರಿಗೇ ಮಾಡಿಕೊಟ್ಟ ಬಿಸಿ ಬಿಸಿ ಅನ್ನ, ಬೇಯಿಸಿದ ಮೊಟ್ಟೆ, ತೋಫು, ಗಂಜಿಯಂಥ ಬುಬುರ್, ನೀನೇ ಸುಲಿದ ಬಾಳೆಹಣ್ಣು, ಇಷ್ಟರಲ್ಲಿ ಮಗು ಆರಾಮಾಗಿರುತ್ತೆ. 'ತಿಡಾಕ್ ಪೆಡಸ್' ಅಂತ ಹೇಳಿದರೆ ಖಾರ ಹಾಕುವುದಿಲ್ಲ. ವಾರುಂಗ್ ಅನ್ನುವ ಸಣ್ಣ ಹೋಟೆಲುಗಳಲ್ಲಿ ಬೆಳಿಗ್ಗೆ ಮಾಡಿದ ಪಲ್ಯಗಳನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟಿರುತ್ತಾರೆ. ನೋಡೋಕೆ ಚಂದ, ನೀನು ತಿನ್ನು, ಮಗುವಿಗೆ ಬೇಡ. ಆ ಸೆಕೆಯಲ್ಲಿ 32 ಡಿಗ್ರಿ ದಾಟಿದರೆ ಬೇಯಿಸಿದ್ದನ್ನು 1 ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು. ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಜ್ಯೂಸ್ ಕೂಡ ಬೇಡ. ಹಾಲಿಗೆ, ತುಂಬಾ ಬಿಸಿ ಮಾಡಿ ಸೀಲ್ ಮಾಡಿದ ಯುಎಚ್‌ಟಿ ಟೆಟ್ರಾ ಪ್ಯಾಕ್ ಅಂಗಡಿಗಳಲ್ಲಿ ಸಿಗುತ್ತೆ, ಚಿಕ್ಕದೇ ತಗೋ, ಉಳಿದಿದ್ದನ್ನು ನೀನು ಕುಡಿ.

ಇಷ್ಟು ಮಾಡಿಯೂ ಹೊಟ್ಟೆ ಕೆಡಬಹುದು. ಅದಕ್ಕೆ, ಭೇದಿಯಲ್ಲಿ ಕಳೆದ ನೀರು, ಲವಣ ತುಂಬುವ ಓಆರ್‌ಎಸ್ ಇಲ್ಲಿಂದಲೇ ಒಯ್ಯಿ. ಡಬ್ಬದಲ್ಲಿ ಬರುವ ಸಿಹಿ ಪಾನೀಯ ಅಲ್ಲ, ಡಬ್ಲ್ಯುಎಚ್‌ಒ ಫಾರ್ಮುಲಾ ಅಂತ ಬರೆದಿರುವ ಪುಡಿ. ಫಾರ್ಮುಲಾ ಪಾಲಿಸದ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಹಾಕಬಾರದು ಅಂತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಹೇಳಿದ್ದು ಸುಮ್ನೆ ಅಲ್ಲ. ದೊಡ್ಡ ಪೊಟ್ಟಣಕ್ಕೆ ಪೂರ್ತಿ 1 ಲೀಟರ್ ನೀರು, ಕಲಸಿದ್ದು 24 ಗಂಟೆ ಮಾತ್ರ. ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿ.ಲೀ., ಚಮಚದಲ್ಲಿ ನಿಧಾನಕ್ಕೆ. ಭೇದಿ ನಿಲ್ಲಿಸುವ ದೊಡ್ಡವರ ಮಾತ್ರೆ ಮಾತ್ರ ಮುಟ್ಟಬೇಡ. ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಅತ್ತರೂ ಕಣ್ಣೀರು ಬರದಿದ್ದರೆ, ಮಂಕಾಗಿ ಮಲಗಿಬಿಟ್ಟರೆ ಕಾಯಬೇಡ, ಡಾಕ್ಟರ ಹತ್ತಿರ ಓಡು. ಟ್ರಾವೆಲ್ ಇನ್ಶೂರೆನ್ಸಿನಲ್ಲಿ ಮಗುವಿನ ಹೆಸರು ಇದೆಯಾ ಅಂತ ಇವತ್ತೇ ನೋಡು.

ಕುಕ್ಕರ್ ಮನೆಯಲ್ಲೇ ಇರಲಿ. ಅಮ್ಮ ಕೊಡುವ ಮೆಣಸಿನಕಾಯಿ ಉಪ್ಪಿನಕಾಯಿಯನ್ನು ಚೆಕ್-ಇನ್ ಬ್ಯಾಗಿಗೆ ಹಾಕು, ಕೈಚೀಲದಲ್ಲಿ ಬಿಡುವುದಿಲ್ಲ.

ನಿನ್ನ ಗೆಳೆಯ